ಮೂರು ಗಂಟೆಯ ನೀರು

ಜೇವರ್ಗಿ
16 ಫೆಬ್ರವರಿ 2025

ಚಿ. ಸಪ್ನಾಗೆ, ಶರಣು.

ಕೀಲಿಕೈ ನಿನ್ನ ಕೈಗೆ ಕೊಟ್ಟು ಬಸ್ಸು ಹತ್ತುವ ಗಡಿಬಿಡಿಯಲ್ಲಿ ಹೇಳಬೇಕಾದದ್ದನ್ನೇ ಹೇಳದೆ ಬಂದೆ. ಬಾಡಿಗೆ, ಲೈಟಿನ ಬಿಲ್ಲು ಎಲ್ಲವನ್ನೂ ನನ್ನ ತಮ್ಮ ಗುರಣ್ಣ ಮಾತಾಡಿದ್ದಾನೆ. ಮಾಳಿಗೆಯ ಮೇಲಿನ ಕುಂಡಗಳ ವಿಷಯ ಅವನಿಗೆ ತಿಳಿಯದು.

ನನಗೆ ಕಿವಿ ಕೇಳಿಸುವುದಿಲ್ಲ, ಅದು ನಿನಗೆ ಮೊದಲ ದಿನವೇ ಗೊತ್ತಾಗಿದೆ. ಇಲ್ಲಿರುವ ಮೊಬೈಲು ಗುರಣ್ಣನದು. ಅದರಲ್ಲಿ ಬರೆದು ಕಳಿಸಿದರೆ ಮನೆಮಂದಿಯೆಲ್ಲ ಓದಿದ ಮೇಲೆ ನನಗೆ ತೋರಿಸುತ್ತಾರೆ. ಅಂಟಿಸಿದ ಲಕೋಟೆಯನ್ನು ಮಾತ್ರ ಯಾರೂ ಒಡೆಯುವುದಿಲ್ಲ. ಹಾಗಾಗಿ ಕಾಗದವನ್ನೇ ಬರೆ.

ಮೇಲೆ ಇಪ್ಪತ್ತೇಳು ಗಿಡಗಳಿವೆ. ಎಲ್ಲವೂ ಮಣ್ಣಿನ ಕುಂಡದಲ್ಲಿಲ್ಲ. ನಮ್ಮ ಮನೆಯವರು ಆಳಂದ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದರು. ಆಯಿಲ್ ಡಬ್ಬಿ, ಪೇಂಟಿನ ಬಕೀಟು, ಅರ್ಧ ಕೊಯ್ದ ಟೈರು, ಕೈಗೆ ಸಿಕ್ಕದ್ದಕ್ಕೆಲ್ಲ ತಳದಲ್ಲಿ ತೂತು ಹಾಕಿ ಮಣ್ಣು ತುಂಬುತ್ತಿದ್ದರು. ಮಲ್ಲಿಗೆಗೆ ದಿನವೂ ನೀರು ಬೇಕು. ಲೋಳೆಸರಕ್ಕೆ ವಾರಕ್ಕೊಮ್ಮೆ ಸಾಕು. ನೀಲಿ ಡ್ರಮ್ಮಿನಲ್ಲಿರುವ ಲಿಂಬೆ ಅವರು ಕೊನೆಗೆ ನೆಟ್ಟದ್ದು, ಅದನ್ನು ಜೋಪಾನ ಮಾಡು. ಬೆಳಿಗ್ಗೆ ಏಳರೊಳಗೆ ನೀರು ಹಾಕು, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ಎಂದೂ ಹಾಕಬೇಡ. ಕಾದ ಡಬ್ಬಿಗೆ ನೀರು ಬಿದ್ದರೆ ಬೇರು ಬೇಯುತ್ತದೆ.

ನೀರು ಬೇಕೋ ಬೇಡವೋ ತಿಳಿಯಲು ಅವರು ಕುಂಡವನ್ನು ಬಾರಿಸಿ ನೋಡುತ್ತಿದ್ದರು. ಟಣ್ ಎಂದರೆ ಒಣಗಿದೆ, ದಬ್ ಎಂದರೆ ಒಳಗೆ ಹಸಿಯಿದೆ. ಆ ವಿದ್ಯೆ ನನಗೆ ಬರುವಂತಿರಲಿಲ್ಲ. ನಾನು ಎರಡು ಗೆಣ್ಣು ಬೆರಳು ಚುಚ್ಚಿ ನೋಡುತ್ತೇನೆ.

ಏನಾದರೂ ಬೇಕಾದರೆ ಪಕ್ಕದ ಮನೆಯ ಕುಲಸುಮಬಿಯನ್ನು ಕೇಳು. ಬ್ಲೌಸ್ ಹೊಲಿಯುತ್ತಾಳೆ, ಸದಾ ಮನೆಯಲ್ಲೇ ಇರುತ್ತಾಳೆ.

ಇನ್ನೊಂದು ಮಾತು. ನೀನು ನೀರು ಹಾಕದ ದಿನವೂ ಮಣ್ಣು ಒದ್ದೆಯಿದ್ದರೆ ನನಗೆ ಬರೆ.

ಶಿವಕಾಂತಾ


ಆಳಂದ
2 ಮಾರ್ಚ್ 2025

ಶಿವಕಾಂತಾ ಕಾಕು ಅವರಿಗೆ ನಮಸ್ಕಾರ.

ನಾನು ಕಾಗದ ಬರೆದು ಹತ್ತು ವರ್ಷವಾಗಿರಬೇಕು. ದವಾಖಾನೆಯ ಲ್ಯಾಬಿನಲ್ಲಿ ಬೆಳಗಿನಿಂದ ರಕ್ತದ ಚೀಟಿಗಳ ಮೇಲೆ ಬರೀ ಅಂಕಿ ಬರೆಯುವ ಕೈ ಇದು. ತಪ್ಪಿದ್ದರೆ ಕ್ಷಮಿಸಿ.

ನಾನು ಗಿಡ ಬೆಳೆಸಿದವಳಲ್ಲ. ಅಫಜಲಪುರದ ನಮ್ಮ ಮನೆಯಲ್ಲಿ ಒಂದು ತುಳಸಿ ಇದೆ, ಅದನ್ನೂ ನಮ್ಮವ್ವ ನೋಡಿಕೊಳ್ಳುತ್ತಾಳೆ. ಆದರೂ ನಿಮ್ಮ ಗಿಡಗಳು ಚೆನ್ನಾಗಿವೆ. ಬದನೆ ಮೂರು ಕಾಯಿ ಬಿಟ್ಟಿತು, ಎಣ್ಣೆಗಾಯಿ ಮಾಡಿದೆ. ಪೇಂಟಿನ ಬಕೀಟುಗಳಲ್ಲಿ ಮಾತ್ರ ಮಣ್ಣು ಬಿರುಕು ಬಿಟ್ಟಿದೆ. ಹಾಕಿದ ನೀರೆಲ್ಲ ಅಂಚಿನಿಂದ ಇಳಿದು ತಳಕ್ಕೆ ಹೋಗುತ್ತದೆ, ಬೇರಿಗೆ ತಾಗುವುದಿಲ್ಲ. ಏನು ಮಾಡಲಿ?

ಮಣ್ಣು ಒದ್ದೆಯಿದ್ದರೆ ಬರೆ ಎಂದಿದ್ದೀರಿ. ದಿನವೂ ನಾನೇ ನೀರು ಹಾಕುತ್ತೇನೆ, ಒದ್ದೆಯಿಲ್ಲದೆ ಏನಿರುತ್ತದೆ ಕಾಕು? ನಾನು ಮರೆಯುತ್ತೇನೆ ಎಂಬ ಚಿಂತೆ ಬೇಡ.

ಸಪ್ನಾ


ಜೇವರ್ಗಿ
10 ಮಾರ್ಚ್ 2025

ಸಪ್ನಾ,

ಅದು ಬರೀ ಕರಿಮಣ್ಣು. ಹೊಲದಲ್ಲಿ ತೊಗರಿಗೆ ಒಳ್ಳೆಯದು, ಬಕೀಟಿನಲ್ಲಿ ಕಲ್ಲಾಗುತ್ತದೆ. ಗಿಡವನ್ನು ಮೆಲ್ಲಗೆ ಕಿತ್ತು, ಮಣ್ಣನ್ನು ಪುಡಿ ಮಾಡಿ, ಅಷ್ಟೇ ಉಸುಕು, ಅಷ್ಟೇ ತಿಪ್ಪೆಗೊಬ್ಬರ ಬೆರೆಸು. ತೂತಿನ ಮೇಲೆ ಒಡೆದ ಹೆಂಚಿನ ಚೂರು ಇಡು. ಬೇಳೆ ಗಿರಣಿಯಲ್ಲಿ ತೊಗರಿ ಹೊಟ್ಟು ಕೇಳಿದರೆ ಒಂದು ಚೀಲ ಕೊಡುತ್ತಾರೆ, ಅದನ್ನು ಮೇಲೆ ಹೊದಿಸು. ಬೇಸಿಗೆ ತಡೆಯುತ್ತದೆ.

ನಾನು ಕೇಳಿದ್ದನ್ನು ನೀನು ತಿಳಿದುಕೊಳ್ಳಲಿಲ್ಲ. ನಿನ್ನ ಮರೆವಿನ ಬಗ್ಗೆ ನಾನು ಕೇಳಲಿಲ್ಲ. ಒಂದು ದಿನ ಬೇಕೆಂದೇ ನೀರು ಹಾಕದೆ ಬಿಡು. ಸಂಜೆ ಹೋಗಿ ಬೆರಳು ಚುಚ್ಚಿ ನೋಡು.

ಶಿವಕಾಂತಾ


ಆಳಂದ
6 ಏಪ್ರಿಲ್ 2025

ಕಾಕು,

ತಡವಾಗಿ ಬರೆಯುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ.

ನೀವು ಹೇಳಿದಂತೆ ಒಂದು ಗುರುವಾರ ನೀರು ಹಾಕದೆ ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಅರ್ಧ ಕುಂಡಗಳು ಒದ್ದೆಯಾಗಿದ್ದವು. ಮಲ್ಲಿಗೆಯ ತಳದಿಂದ ನೀರು ಇನ್ನೂ ಹನಿಯುತ್ತಿತ್ತು. ಮಾಳಿಗೆ ಮೆಟ್ಟಿಲಿನ ಬಾಗಿಲಿಗೆ ನಾನೇ ಚಿಲಕ ಹಾಕಿ ಹೋಗಿದ್ದೆ, ಹಾಕಿದಂತೆಯೇ ಇತ್ತು. ನೀರಿನ ಟಾಕಿ ಸೋರುತ್ತಿರಬೇಕು ಎಂದುಕೊಂಡು ಸುಮ್ಮನಾದೆ.

ಇವತ್ತು ಭಾನುವಾರ. ಊಟ ಮಾಡಿ ಮಲಗಿದ್ದೆ. ಮೂರು ಗಂಟೆಯ ಸುಮಾರಿಗೆ ಮೇಲಿನಿಂದ ಸಪ್ಪಳ ಬಂತು. ಟಣ್. ಸ್ವಲ್ಪ ಹೊತ್ತು ಬಿಟ್ಟು, ಒಂದಿಷ್ಟು ದೂರದಲ್ಲಿ ಮತ್ತೆ ಟಣ್. ಆಮೇಲೆ ದಬ್. ನಿಮ್ಮ ಮೊದಲ ಕಾಗದ ನೆನಪಾಯಿತು. ಯಾರೋ ಒಂದೊಂದೇ ಕುಂಡ ಬಾರಿಸುತ್ತ ಹೋದಂತಿತ್ತು. ಹಾಸಿಗೆಯಿಂದ ಏಳಲು ನನಗೆ ಧೈರ್ಯ ಬರಲಿಲ್ಲ.

ಇದು ಮೊದಲಿನಿಂದಲೂ ಹೀಗೇ ಇತ್ತೇ?

ಸಪ್ನಾ


ಜೇವರ್ಗಿ
12 ಏಪ್ರಿಲ್ 2025

ಸಪ್ನಾ,

ಎಷ್ಟು ಸಲ ಬಾರಿಸಿದರು? ಒಂದಕ್ಕೊಂದು ಎಷ್ಟು ಅಂತರವಿತ್ತು? ಬರಬರುತ್ತ ಮೆಲ್ಲಗಾಯಿತೇ, ಇಲ್ಲ ಒಮ್ಮೆಲೇ ನಿಂತಿತೇ? ನಡುವೆ ದನಿ ಏನಾದರೂ ಕೇಳಿಸಿತೇ?

ನನಗೆ ನಿನ್ನ ಕಿವಿ ಬೇಕು. ಮುಂದಿನ ಸಲ ಎಣಿಸು.

ಶಿವಕಾಂತಾ


ಆಳಂದ
27 ಏಪ್ರಿಲ್ 2025

ಕಾಕು,

ನಿಮ್ಮ ಕಾಗದ ಓದಿ ನನಗೆ ಸಪ್ಪಳಕ್ಕಿಂತ ಹೆಚ್ಚು ಹೆದರಿಕೆಯಾಯಿತು. ‘ಬಾರಿಸಿದರು’ ಎಂದು ಬರೆದಿದ್ದೀರಿ. ಯಾರು?

ಹೋದ ವಾರ ರಜೆ ಹಾಕಿ ಮನೆಯಲ್ಲಿದ್ದೆ. ಹನ್ನೊಂದು ಸಲ ಆಯಿತು. ದನಿಯೇನೂ ಇರಲಿಲ್ಲ. ಹನ್ನೊಂದನೆಯದಾದ ಮೇಲೆ ಎದ್ದು ಓಡಿದೆ. ನಿಮ್ಮ ಚಿಲಕ ಬಿಗಿ, ಎರಡು ಕೈ ಹಚ್ಚಿ ಎಳೆಯಬೇಕು. ತೆಗೆಯುವಷ್ಟರಲ್ಲಿ ಸಪ್ಪಳ ನಿಂತಿತ್ತು. ಮೇಲೆ ಯಾರೂ ಇಲ್ಲ. ಆ ಬಿಸಿಲಿನಲ್ಲಿ ಕಾಗೆ ಕೂಡ ಇರಲಿಲ್ಲ. ಪಕ್ಕದ ಮಾಳಿಗೆಯ ತಂತಿಯ ಮೇಲೆ ಸೀರೆ ಒಣಗುತ್ತಿದ್ದವು. ನಮ್ಮ ಕಡೆ ನೆಲದ ಮೇಲೆ ನೀರಿನ ಗುರುತು ನನ್ನ ಕಣ್ಣೆದುರಿಗೇ ಆರುತ್ತಿತ್ತು.

ನಮ್ಮವ್ವನಿಗೆ ಫೋನಿನಲ್ಲಿ ಹೇಳಿದೆ. “ಆ ಮನಿ ಬಿಡವ್ವ, ಬ್ಯಾರೆ ಖೋಲಿ ನೋಡು” ಎಂದಳು. ಈ ತಿಂಗಳ ಕೊನೆ ಬಂತು, ಮೇ ಕೊನೆಗೆ ಬಿಡುತ್ತೇನೆ ಕಾಕು. ಸಿಟ್ಟಾಗಬೇಡಿ.

ಲಿಂಬೆಯ ವಿಷಯ ಮುಚ್ಚಿಟ್ಟಿದ್ದೆ. ಮಾರ್ಚಿನಲ್ಲೇ ಎಲೆ ಉದುರಿಸಿತು. ಹೆದರಿ ಹೆಚ್ಚು ನೀರು ಹಾಕಿದೆ. ಈಗ ಕಡ್ಡಿ ಮಾತ್ರ ಇದೆ.

ಸಪ್ನಾ


ಜೇವರ್ಗಿ
3 ಮೇ 2025

ಸಪ್ನಾ,

ಲಿಂಬೆ ಹೋದರೆ ಹೋಗಲಿ. ನೀನು ಹೋಗಬೇಡ. ನಿನಗೆ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಹೇಳಿದ್ದರೆ ನೀನು ಮನೆ ಹಿಡಿಯುತ್ತಿರಲಿಲ್ಲ.

ನಮ್ಮ ಮನೆಯವರು ಕಲ್ಲಿನಾಥ ತೀರಿಕೊಂಡದ್ದು ಆ ಮಾಳಿಗೆಯ ಮೇಲೆ. 2023ರ ಮೇ 19. ಆರು ದಿನದಿಂದ ಬಾರದ ನಳದ ನೀರು ಅವತ್ತು ಮಧ್ಯಾಹ್ನ ಎರಡೂವರೆಗೆ ಬಂತು. ಗಿಡದ ಡ್ರಮ್ಮು ತುಂಬಿಸಲು ಮೇಲೆ ಹೋದರು. ನಾನು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಕುಲಸುಮಬಿ ತನ್ನ ಮಾಳಿಗೆಯಿಂದ ದಾಟಿ, ನಮ್ಮ ಮೆಟ್ಟಿಲು ಇಳಿದು ಬಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಮೇಲೆ ಹೋಗಿ ನೋಡಿದರೆ ಅವರು ಡ್ರಮ್ಮಿನ ಬದಿಗೆ ಬಿದ್ದಿದ್ದರು. ಕೈಯಲ್ಲಿ ತವರದ ಮಗ್ಗು. ಅದರ ಅಂಚು ಜಜ್ಜಿಹೋಗಿತ್ತು. ಪಕ್ಕದ ಕುಂಡದ ಮೇಲೆ ಬಿಳಿ ಬಿಳಿ ಗುರುತುಗಳಿದ್ದವು. ಅವರು ಬಾರಿಸಿದ್ದಾರೆ. ಯಾರಾದರೂ ಬರಲಿ ಎಂದು ಬಾರಿಸಿದ್ದಾರೆ. ಕೆಳಗಿದ್ದವಳು ಕಿವುಡಿ.

ಆಮೇಲೆ ಒಂದೂಮುಕ್ಕಾಲು ವರ್ಷ ನಾನೊಬ್ಬಳೇ ಅಲ್ಲಿದ್ದೆ. ನೀನು ಕಂಡಂತೆ ನಾನೂ ಕಂಡೆ. ನೀರು ಹಾಕದ ಕುಂಡ ಸಂಜೆಗೆ ಒದ್ದೆ. ಗುರಣ್ಣನಿಗೆ ಹೇಳಿದೆ, “ನಿಮ್ಮ ಮಾಮಾ ಗಿಡಕ್ಕ ನೀರು ಹಾಕ್ತಾರಪ್ಪ” ಎಂದು. ಅವನು ನನ್ನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಎರಡು ವಾರದಲ್ಲಿ ನನ್ನ ಗಂಟು ಕಟ್ಟಿಸಿ ಇಲ್ಲಿಗೆ ಕರೆತಂದ. ಇಲ್ಲಿ ನನ್ನೊಂದಿಗೆ ಎಲ್ಲರೂ ಬಹಳ ಮೆತ್ತಗೆ ನಡೆದುಕೊಳ್ಳುತ್ತಾರೆ. ಮಾತ್ರೆ ಕೊಡುತ್ತಾರೆ. ರಸ್ತೆಯ ಮೇಲೆ ಲಾರಿ ಹೋದರೆ ನನ್ನ ಪಾದದ ಕೆಳಗೆ ನೆಲ ಅದುರುತ್ತದೆ. ಅಷ್ಟೇ ನನಗೆ ಕೇಳಿಸುವ ಜಗತ್ತು.

ನನ್ನ ತಲೆ ನೆಟ್ಟಗಿದೆ ಎಂದು ಹೇಳಬಲ್ಲವಳು ನೀನೊಬ್ಬಳೇ. ಹತ್ತೊಂಬತ್ತನೇ ತಾರೀಖಿನವರೆಗಾದರೂ ಇರು.

ಶಿವಕಾಂತಾ


ಆಳಂದ
12 ಮೇ 2025

ಕಾಕು,

ಇನ್ನು ಚಿಂತೆ ಬೇಡ. ನಿನ್ನೆ ಎರಡೂವರೆಗೇ ಹೋಗಿ ಮೆಟ್ಟಿಲ ಮೇಲೆ ಬಾಗಿಲು ಸಂದು ಮಾಡಿಕೊಂಡು ಕೂತೆ. ಮಂಗಗಳು ಕಾಕು. ಡ್ರಮ್ಮಿನ ಮುಚ್ಚಳ ತೆಗೆದು ನೀರು ಚೆಲ್ಲಾಡುತ್ತವೆ, ಡಬ್ಬಿಗಳನ್ನು ಬಡಿಯುತ್ತವೆ. ಅಷ್ಟೇ.

ನಾನು ಮನೆ ಬಿಡುವುದಿಲ್ಲ. ನೀವು ಮಾತ್ರೆ ತೆಗೆದುಕೊಂಡು ಆರಾಮಾಗಿರಿ.

ಸಪ್ನಾ


ಜೇವರ್ಗಿ
19 ಮೇ 2025

ಸಪ್ನಾ,

ಮಂಗಗಳು ಬಂದಿದ್ದರೆ ಮೊದಲು ಟೊಮೆಟೊ ಹೋಗುತ್ತಿತ್ತು, ಮಲ್ಲಿಗೆಯ ಬಳ್ಳಿ ಹರಿಯುತ್ತಿತ್ತು. ಎರಡು ವರ್ಷ ಒಂದು ಕುಂಡವನ್ನೂ ಉರುಳಿಸದೆ ನೀರು ಹಾಕಿ ಹೋಗುವ ಮಂಗ ಎಲ್ಲಿಯದು? ನೀನೂ ಗುರಣ್ಣನಂತೆ ನನ್ನೊಂದಿಗೆ ಮೆತ್ತಗೆ ನಡೆಯಲು ಕಲಿತೆ.

ಇಲ್ಲವೇ, ನೀನು ಅವರನ್ನು ಕಂಡಿದ್ದೀಯ, ನನಗೆ ಹೇಳಲು ಹೆದರಿದ್ದೀಯ. ಅವರು ನನ್ನ ಮೇಲೆ ಸಿಟ್ಟಿನಲ್ಲಿದ್ದಾರೆಯೇ? ಸಿಟ್ಟಿರಬೇಕು. ಯಾಕೆಂದು ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ನಾನು ಪೂರ್ತಿ ಕಿವುಡಿಯಲ್ಲ. ನನ್ನ ಬಳಿ ಕಿವಿಗೆ ಹಾಕುವ ಮಷಿನ್ ಇದೆ. ಅದನ್ನು ಹಾಕಿಕೊಂಡರೆ ಮಾಳಿಗೆಯ ಸಪ್ಪಳ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಅವತ್ತು ಬೆಳಿಗ್ಗೆಯಿಂದ ಅವರು ಮೇಲೆ ಡಬ್ಬಿ ಎಳೆದಾಡುತ್ತಿದ್ದರು. ಮಷಿನ್ನಿನಲ್ಲಿ ಅದು ತಲೆಯೊಳಗೆ ಮೊಳೆ ಹೊಡೆದಂತೆ. ಊಟಕ್ಕೆ ಬಂದಾಗ ಜಗಳ ತೆಗೆದೆ. “ನಿಮ್ಮ ಡಬ್ಬಿ ಸಪ್ಪಳ ಕೇಳಿ ಕೇಳಿ ನನ್ನ ತಲಿ ಹಾಳಾಗ್ಯದ. ಇನ್ನ ನಿಮ್ಮ ದನಿನೂ ಬ್ಯಾಡ, ನಿಮ್ಮ ಡಬ್ಬಿನೂ ಬ್ಯಾಡ” ಎಂದು ಅವರ ಮುಖದೆದುರಿಗೇ ಮಷಿನ್ ತೆಗೆದು ಅದರ ಪೆಟ್ಟಿಗೆಯಲ್ಲಿಟ್ಟೆ. ಅವರು ನಕ್ಕರು. ನಗುತ್ತ ಏನೋ ಅಂದರು. ಏನಂದರೋ ನನಗೆ ಕೇಳಿಸಲಿಲ್ಲ. ಆಮೇಲೆ ನಳ ಬಂತು, ಮೇಲೆ ಹೋದರು.

ಅರ್ಧ ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಅದನ್ನು ಅವರು ಚೀಟಿಯಲ್ಲಿ ಬರೆದು ತೋರಿಸಿದರು.

ಅವತ್ತಿನಿಂದ ಮಷಿನ್ ಹಾಕಿಕೊಂಡಿಲ್ಲ. ಇವತ್ತಿಗೆ ಎರಡು ವರ್ಷ. ಈಗ ಹೇಳು, ನೀನು ಕಂಡದ್ದೇನು?

ಶಿವಕಾಂತಾ


ಆಳಂದ
26 ಮೇ 2025

ಕಾಕು,

ಸುಳ್ಳು ಬರೆದೆ. ಬರೆಯಬೇಡ ಎಂದು ಕೈ ಹಿಡಿದು ಕೇಳಿಕೊಂಡರು, ಹಾಗಾಗಿ ಬರೆದೆ. ನಿಮ್ಮ ಕಾಗದ ಓದಿದ ಮೇಲೆ ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಾನು ಕಂಡದ್ದು ಕುಲಸುಮಬಿ ಖಾಲಾ ಅವರನ್ನು.

ಮೂರಕ್ಕೆ ಸರಿಯಾಗಿ ತಂತಿಯ ಮೇಲಿನ ಸೀರೆ ಸರಿಸಿ, ಮೊಳಕಾಲೆತ್ತರದ ನಡುಗೋಡೆ ದಾಟಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಆ ಕಾದ ನೆಲದ ಮೇಲೆ. ಕೈಯಲ್ಲಿ ಒಂದು ಕಟ್ಟಿಗೆ ತುಂಡು. ಒಂದೊಂದೇ ಕುಂಡ ಬಾರಿಸಿ, ಕಿವಿಗೊಟ್ಟು ಕೇಳಿ, ಟಣ್ ಎಂದದ್ದಕ್ಕೆ ನೀರು ಹಾಕುತ್ತ ಬಂದರು. ಕೊನೆಗೆ ಡ್ರಮ್ಮಿನ ಬದಿಗೆ ಬಂದು ಸುಮ್ಮನೆ ನಿಂತರು. ನಾನು ಬಾಗಿಲು ತೆಗೆದಾಗ ಬೆಚ್ಚಿಬಿದ್ದು ಅಲ್ಲೇ ಕೂತುಬಿಟ್ಟರು.

“ಖಾಲಾ, ಈ ಬಿಸಿಲಿನಾಗ ಯಾಕ್ರಿ?” ಎಂದೆ.

“ಅಣ್ಣಾರು ಹೋಗಿದ್ದು ಇದೇ ಹೊತ್ತಿಗೆ ಬೇಟಿ. ಅವತ್ತ ಸಪ್ಪಳ ನನಗ ಕೇಳಿಸಿತ್ತು. ದಿನಾ ಕುಂಡ ಬಾರಿಸ್ತಾರಲ್ಲ, ಹಂಗೇ ಬಾರಿಸಾಕತ್ಯಾರ ಅಂತ ತಿಳಿದು ಕೂತೆ. ಹೊಲಿಗಿ ಬಿಟ್ಟು ಏಳಲಿಲ್ಲ. ಆಮ್ಯಾಲೆ ಈ ಹೊತ್ತಾದರ ಮನ್ಯಾಗ ಕೂಡಾಕ ಆಗವಲ್ದು.”

ಎರಡು ವರ್ಷದಿಂದ ದಿನವೂ ಬರುತ್ತಿದ್ದಾರಂತೆ. ನೀವು ಕೆಳಗಿದ್ದಾಗಲೂ. ನಿಮಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ. “ಶಿವಕಾಂತಾಗ ಬರೀಬ್ಯಾಡ, ಆಕಿ ನನ್ನ ಮಾರಿ ನೋಡಲ್ಲ” ಎಂದು ಅತ್ತರು.

ನಿಮ್ಮ ತಲೆ ನೆಟ್ಟಗಿದೆ ಕಾಕು. ಕುಂಡಗಳು ನಿಜವಾಗಿಯೂ ಒದ್ದೆಯಾಗಿದ್ದವು.

ಸಪ್ನಾ


ಆಳಂದ
29 ಜೂನ್ 2025

ಕಾಕು,

ತಿಂಗಳಾಯಿತು, ನಿಮ್ಮಿಂದ ಕಾಗದವಿಲ್ಲ. ನಾನು ಬರೆದದ್ದು ತಪ್ಪಾಯಿತೇ? ಗುರಣ್ಣನವರಿಗೆ ಫೋನ್ ಮಾಡಿದರೆ “ಅಕ್ಕ ಆರಾಮ ಇದ್ದಾಳ” ಎಂದಷ್ಟೇ ಹೇಳಿದರು.

ನಿಮಗೆ ಎಲ್ಲ ಬರೆದಿದ್ದೇನೆ ಎಂದು ಖಾಲಾಗೆ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅವತ್ತಿನಿಂದ ಮಾಳಿಗೆಗೆ ಬಂದಿಲ್ಲ. ಆದರೆ ಪೋಸ್ಟಿನವನ ಸೈಕಲ್ಲು ಓಣಿಗೆ ಬಂದರೆ ಹೊಲಿಗೆ ಮಷಿನ್ ನಿಲ್ಲುತ್ತದೆ. ಅವನು ದಾಟಿ ಹೋದ ಮೇಲೆಯೂ ಬಹಳ ಹೊತ್ತು ಶುರುವಾಗುವುದಿಲ್ಲ.

ಮುಂದಿನ ವಾರ ಅಕ್ಕನ ಮಗಳ ತೊಟ್ಟಿಲಿಗೆಂದು ಅಫಜಲಪುರಕ್ಕೆ ಹೋಗುತ್ತೇನೆ. ಹತ್ತು ದಿನ ಇರುವುದಿಲ್ಲ. ಮಳೆ ಹಿಡಿದಿದೆ, ಗಿಡಗಳಿಗೆ ತೊಂದರೆಯಿಲ್ಲ. ಎರಡು ಸಾಲು ಬರೆಯಿರಿ.

ಸಪ್ನಾ


ಜೇವರ್ಗಿ
20 ಜುಲೈ 2025

ಸಪ್ನಾ,

ನೀನು ಊರಲ್ಲಿ ಇಲ್ಲದಾಗ ನಾನು ಆಳಂದಕ್ಕೆ ಬಂದು ನಾಲ್ಕು ದಿನ ಇದ್ದು ಹೋದೆ. ನೀನು ಇಲ್ಲದಿರುವಾಗಲೇ ಬರಬೇಕೆಂದು ಬಂದೆ. ನನ್ನ ಬಳಿ ಇನ್ನೊಂದು ಕೀಲಿಯಿತ್ತು, ಆದರೆ ನಮ್ಮ ಮನೆಯ ಬಾಗಿಲು ತೆಗೆಯಲಿಲ್ಲ.

ನಿನ್ನ ಮೇ ತಿಂಗಳ ಕಾಗದ ಓದಿದ ದಿನ ನನಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು. ನಾನು ಕಿವುಡಿ. ಅವಳಿಗೆ ಕಿವಿ ಇತ್ತು, ಎದ್ದು ಹೋಗಲಿಲ್ಲ. ತನ್ನ ಸಂಕಟಕ್ಕೆ ನೀರು ಹಾಕಿ ಹಾಕಿ ನನ್ನನ್ನು ಹುಚ್ಚಿ ಮಾಡಿದಳು, ಮನೆ ಬಿಡಿಸಿದಳು. ಒಂದು ತಿಂಗಳು ಇದನ್ನೇ ಹೊತ್ತುಕೊಂಡು ತಿರುಗಿದೆ. ಕೊನೆಗೆ ಗುರಣ್ಣನ ಮುಂದೆ ನಿನ್ನ ಕಾಗದ ಇಟ್ಟು “ಓದು” ಎಂದೆ. ಎರಡು ಸಲ ಓದಿದ. ಬಸ್ ಸ್ಟ್ಯಾಂಡಿಗೆ ತಾನೇ ಬಂದು ಬಸ್ಸಿನಲ್ಲಿ ಕೂಡಿಸಿದ.

ಕಿವಿಯ ಮಷಿನ್ನಿಗೆ ಹೊಸ ಸೆಲ್ ಹಾಕಿಸಿಕೊಂಡೆ. ಬಸ್ಸಿನಲ್ಲಿ ಕಲಬುರಗಿಯವರೆಗೂ ಎರಡು ಕೈಯಿಂದ ತಲೆ ಹಿಡಿದುಕೊಂಡೇ ಕೂತಿದ್ದೆ. ಜನ ಇಷ್ಟೊಂದು ಮಾತಾಡುತ್ತಾರೆ ಎಂಬುದು ಮರೆತೇಹೋಗಿತ್ತು.

ಕುಲಸುಮಬಿ ಬಾಗಿಲು ತೆಗೆದವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೇ ಹೋಗಿ ಅವಳ ಹೊಲಿಗೆ ಮಷಿನ್ನಿನ ಎದುರಿಗೆ ಕೂತೆ. “ನಿನಗ ಕೇಳಿಸಿದ್ದು ಪೂರಾ ಹೇಳು. ನನ್ನ ಕಿವ್ಯಾಗ ಇವತ್ತ ಮಷಿನ್ ಅದ” ಎಂದೆ.

ಅವಳು ಸೂಜಿಯಿಂದ ದಾರ ಎಳೆದು ತೆಗೆದಳು. ಆಮೇಲೆ ನಿನಗೂ ಹೇಳದ ಮಾತು ಹೇಳಿದಳು.

“ಸಪ್ನಾಗ ಅರ್ಧಾನೇ ಹೇಳೇನಿ ಅಕ್ಕ. ಅವರು ಬರೀ ಬಾರಿಸಲಿಲ್ಲ. ಕರದ್ರು. ಕುಲಸುಮಬಿ, ಕುಲಸುಮಬಿ ಅಂತ ಎರಡು ಸಲ ಕರದ್ರು.”

“ನಿನ್ನ ಕರದ್ರಾ?”

“ನನ್ನೇ. ದಿನಾ ಕರಿಬೇವು ಕೊಡಾಕ ಹಂಗೇ ಕರೀತಿದ್ರು. ಮದುವಿ ಬ್ಲೌಸ್ ಕೈಯಾಗಿತ್ತು. ‘ಬಂದೇನ್ರಿ ಅಣ್ಣಾರ, ತೋಳು ಒಂದು ಮುಗಿಸಿ ಬಂದೆ’ ಅಂತ ಇಲ್ಲಿಂದಲೇ ಕೂಗಿದೆ. ಆಮ್ಯಾಲೆ ಮತ್ತ ಬಾರಿಸಲಿಲ್ಲ. ನಾ ಬರ್ತೇನಿ ಅಂತ ಕಾದ್ರು. ನಾ ತೋಳು ಮುಗಿಸಿದೆ ಅಕ್ಕ. ದಾರ ಕಡಿದು, ಗುಂಡಿ ಹಚ್ಚಿ ಎದ್ದೆ.”

ಅವಳನ್ನು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಈಗ ನನಗೆ ಬೇರೊಂದು ಕಾಣುತ್ತಿತ್ತು. ಅವರು ನನ್ನನ್ನು ಕರೆದಿರಲಿಲ್ಲ. ಒಂದು ಸಲವೂ ಕರೆದಿರಲಿಲ್ಲ. ಎದೆ ಹಿಡಿದುಕೊಂಡು ಬಿದ್ದ ಹೊತ್ತಿನಲ್ಲೂ ಅವರಿಗೆ ನೆನಪಿತ್ತು, ಇವಳು ಮಷಿನ್ ತೆಗೆದಿಟ್ಟಿದ್ದಾಳೆ, ಕರೆದು ಉಪಯೋಗವಿಲ್ಲ ಎಂದು. ಯಾವ ಕರೆಗೆ ಓಗೊಡಲಿಲ್ಲ ಎಂದು ನಾನು ಎರಡು ವರ್ಷ ಸತ್ತು ಬದುಕಿದೆನೋ ಆ ಕರೆ ನನ್ನ ಹೆಸರಿನದಾಗಿರಲೇ ಇಲ್ಲ.

ಇದರಿಂದ ನನ್ನ ಭಾರ ಇಳಿಯಿತೋ ಏರಿತೋ ನನಗೆ ಇನ್ನೂ ಗೊತ್ತಾಗಿಲ್ಲ, ಸಪ್ನಾ.

ಅವಳು ಅಳುತ್ತಿದ್ದಳು. ಅಳುವ ದನಿ ಮಷಿನ್ನಿನಲ್ಲಿ ಬಹಳ ದೊಡ್ಡದಾಗಿ ಕೇಳುತ್ತದೆ. ನಾನು ಎದ್ದು ಅವಳ ಭುಜ ಹಿಡಿದೆ. “ಬರ್ತೇನಿ ಅಂದ್ಯಲ್ಲ, ಅದು ಅವರ ಕಿವಿಗಿ ಬಿತ್ತಲ್ಲ. ಯಾರೋ ಬರ್ತಾರಂತ ತಿಳಿದು ಹೋಗ್ಯಾರ. ನಾ ಅಷ್ಟೂ ಕೊಡಲಿಲ್ಲ” ಎಂದೆ. ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದೆ. ಹೇಳುವಾಗ ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿ ಎದ್ದದ್ದೂ ನಿಜ. ಅವರು ಕೊನೆಗೆ ಕೇಳಿದ್ದು ಅವಳ ದನಿ.

ಆ ನಾಲ್ಕು ದಿನ ಅವಳ ಮನೆಯಲ್ಲೇ ಉಂಡೆ, ಅವಳ ಪಕ್ಕದಲ್ಲೇ ಮಲಗಿದೆ. ಮೂರು ಗಂಟೆಯಾದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಮೇಲೆ ಏನೂ ಸಪ್ಪಳವಿರಲಿಲ್ಲ. ಆ ಸುಮ್ಮನಿರುವುದನ್ನು ನಾನು ಮಷಿನ್ ಹಾಕಿಕೊಂಡು ಕೇಳಿದೆ. ಕಿವುಡಿಯಾಗಿದ್ದಾಗ ಅವರು ಅಲ್ಲಿದ್ದರು. ಈಗ ಕಿವಿ ಬಂದಿದೆ, ಅವರಿಲ್ಲ.

ಶ್ರಾವಣ ಮುಗಿದ ಮೇಲೆ ಆಳಂದಕ್ಕೆ ಬರುತ್ತೇನೆ. ಗುರಣ್ಣ ಒಪ್ಪಿದ್ದಾನೆ. ಮುಂದಿನ ಖೋಲಿ ನನಗಿರಲಿ, ಉಳಿದದ್ದರಲ್ಲಿ ನೀನು ಇರು. ನಿನಗೆ ಹೆದರಿಕೆಯಾದರೆ ಹೋಗಬಹುದು, ನಾನು ತಡೆಯುವುದಿಲ್ಲ.

ಕುಲಸುಮಬಿ ಬಸ್ಸಿನವರೆಗೂ ಬಂದಿದ್ದಳು. ಕಿಟಕಿಯ ಕೆಳಗೆ ನಿಂತು ಏನೋ ಅಂದಳು. ಇಂಜಿನ್ನಿನ ಸದ್ದಿನಲ್ಲಿ ತಿಳಿಯಲಿಲ್ಲ. “ಏನಂದಿ?” ಎಂದು ಕೇಳಿದೆ. ಬಸ್ಸು ಹೊರಟಿತ್ತು. ಕಂಡಕ್ಟರನಿಗೆ ಹೇಳಿ ನಿಲ್ಲಿಸಿದೆ, ಇಳಿದು ಹಿಂದಕ್ಕೆ ನಡೆದುಹೋಗಿ ಮತ್ತೊಮ್ಮೆ ಕೇಳಿದೆ. ಬಸ್ಸಿನ ಜನರೆಲ್ಲ ಬೈಯುತ್ತಿದ್ದರು.

“ಏನೂ ಇಲ್ಲಕ್ಕ, ಹೋಗಿ ಬಾ ಅಂದೆ” ಎಂದಳು.

ಶಿವಕಾಂತಾ